ಪೊಲೀಸರ ಸಂಬಳದ ಕರಾರಿಗೆ ಪೊಲೀಸರೇ ಮತ ಹಾಕಿದರೆ?

ಅಮೆರಿಕದ ಬಹಳಷ್ಟು ಊರುಗಳಲ್ಲಿ ಒಂದು ಪದ್ಧತಿ ಇದೆ. ನಗರಾಡಳಿತದವರು ಮತ್ತು ಪೊಲೀಸರ ಯೂನಿಯನ್‌ನವರು ಎದುರುಬದುರು ಕೂತು ಸಂಬಳ, ಡ್ಯೂಟಿ, ರಜೆ, ಪಿಂಚಣಿ ಎಲ್ಲವನ್ನೂ ಸೇರಿಸಿ ಒಂದು ಕರಡು ಒಪ್ಪಂದ ಬರೆಯುತ್ತಾರೆ. ಆ ಕರಡು ಯೂನಿಯನ್ನಿನ ಎಲ್ಲ ಸದಸ್ಯರ ಮುಂದೆ ಬರುತ್ತದೆ. ರಸ್ತೆಯಲ್ಲಿ ನಿಂತು ಟ್ರಾಫಿಕ್ ನೋಡುವ ಪೊಲೀಸನೂ ಅದನ್ನು ಓದುತ್ತಾನೆ. ಪ್ರಶ್ನೆ ಕೇಳುತ್ತಾನೆ. ಪಕ್ಕದವನ ಜೊತೆ ವಾದ ಮಾಡುತ್ತಾನೆ. ಕೊನೆಗೆ ಬೇಕು ಅಥವಾ ಬೇಡ ಅಂತ ಮತ ಹಾಕುತ್ತಾನೆ. ಬೇಡ ಅಂದವರು ಜಾಸ್ತಿಯಾದರೆ ಕರಡು ವಾಪಸ್ ಹೋಗುತ್ತದೆ.

ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ನಲ್ಲಿ ಧೂಳು ಕುಡಿಯುತ್ತ ನಿಂತ ಕಾನ್‌ಸ್ಟೆಬಲ್‌ಗೆ ಇದನ್ನು ಹೇಳಿದರೆ ನಂಬುವುದು ಕಷ್ಟ. ನಮ್ಮಲ್ಲಿ ಅನುಮತಿ ಇಲ್ಲದೆ ಯೂನಿಯನ್ ಸೇರುವುದೇ ಪೊಲೀಸರಿಗೆ ಅಪರಾಧ. ಅದೇ ಸರ್ಕಲ್‌ನಲ್ಲಿ ಅವರ ಮುಂದೆಯೇ ಹಾದುಹೋಗುವ ಬಸ್ಸಿನ ಡ್ರೈವರ್‌ಗೆ ಯೂನಿಯನ್ ಇದೆ. ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನವರಿಗೆ ಇದೆ. ಬ್ಯಾಂಕಿನವರಿಗೆ ಇದೆ. ಪೊಲೀಸರಿಗೆ ಮಾತ್ರ ಇಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಪೊಲೀಸರಿಗೂ ಕೂತು ಮಾತಾಡುವ ಒಂದು ಜಾಗ ಬೇಕು. ಆದರೆ ಅಮೆರಿಕದಿಂದ ಎಲ್ಲವನ್ನೂ ಹಾಗೇ ಎತ್ತಿ ತರಬಾರದು. ಸಂಬಳ ಮತ್ತು ಡ್ಯೂಟಿಯ ಮಾತು ಒಂದು, ತಪ್ಪು ಮಾಡಿದ ಪೊಲೀಸರ ವಿಚಾರಣೆಯ ಮಾತು ಇನ್ನೊಂದು. ಎರಡನ್ನೂ ಒಂದೇ ಕಾಗದದಲ್ಲಿ ಬರೆದಾಗ ಏನಾಗುತ್ತದೆ ಅನ್ನುವುದಕ್ಕೆ ಅಲ್ಲಿನ ಅನುಭವವೇ ಸಾಕ್ಷಿ.

ಸಂಬಳ ಕೊಡುವವರು ಯಾರು

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ನಮ್ಮ ಸಂವಿಧಾನದಲ್ಲಿ ಪೊಲೀಸ್ ರಾಜ್ಯದ ವಿಷಯ. ನವನಗರದ ಕಮಿಷನರೇಟ್ ಇರಲಿ, ಗದಗ ಅಥವಾ ಹಾವೇರಿಯ ಎಸ್‌ಪಿ ಆಫೀಸ್ ಇರಲಿ, ಎಲ್ಲರಿಗೂ ಸಂಬಳ ಬರುವುದು ಬೆಂಗಳೂರಿನ ಖಜಾನೆಯಿಂದ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸುಮಾರು 18 ಸಾವಿರ ಬೇರೆ ಬೇರೆ ಪೊಲೀಸ್ ಇಲಾಖೆಗಳಿವೆ. ಹೆಚ್ಚಿನವು ಆಯಾ ಊರಿನವು. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯೇ ಪೊಲೀಸರನ್ನು ನೇಮಿಸಿ, ನಮ್ಮ ಆಸ್ತಿ ತೆರಿಗೆಯಿಂದ ಸಂಬಳ ಕೊಟ್ಟು, 82 ವಾರ್ಡುಗಳ ಸದಸ್ಯರು ಆ ಸಂಬಳಕ್ಕೆ ಒಪ್ಪಿಗೆ ಹಾಕುವಂತಿದ್ದರೆ ಹೇಗಿರುತ್ತಿತ್ತು? ಅಲ್ಲಿ ಇರುವುದು ಹೆಚ್ಚುಕಡಿಮೆ ಅದೇ.

ಹಾಗಾಗಿ ಕರಾರು ಊರಿಗೊಂದು. ಕಾನೂನೂ ರಾಜ್ಯಕ್ಕೊಂದು. ಅಮೆರಿಕದ 1935ರ ಕಾರ್ಮಿಕ ಸಂಬಂಧಗಳ ಕಾಯ್ದೆ ಖಾಸಗಿ ಕಂಪನಿಗಳ ಕೆಲಸಗಾರರಿಗೆ ಮಾತ್ರ. ಸರ್ಕಾರಿ ನೌಕರರ ವಿಷಯ ರಾಜ್ಯಗಳಿಗೆ ಬಿಟ್ಟದ್ದು. ವಿಸ್ಕಾನ್ಸಿನ್ ರಾಜ್ಯ 1959ರಲ್ಲಿ ಮೊದಲ ಬಾರಿಗೆ ನಗರಾಡಳಿತದ ನೌಕರರಿಗೆ ಚೌಕಾಸಿಯ ಹಕ್ಕು ಕೊಟ್ಟಿತು. ಅದೇ ವರ್ಷ ನಾರ್ತ್ ಕ್ಯಾರೊಲೈನಾ ಅಂಥ ಕರಾರುಗಳನ್ನೇ ನಿಷೇಧಿಸಿತು. ಒಂದೇ ದೇಶ, ಎರಡು ದಾರಿ.

ಮುಷ್ಕರದ ವಿಷಯದಲ್ಲಿ ಮಾತ್ರ ಅಲ್ಲಿಯೂ ಬಿಗಿ ಜಾಸ್ತಿ. 1919ರ ಸೆಪ್ಟೆಂಬರ್‌ನಲ್ಲಿ ಬಾಸ್ಟನ್ ನಗರದ 1,100ಕ್ಕೂ ಹೆಚ್ಚು ಪೊಲೀಸರು ಯೂನಿಯನ್ ಕಟ್ಟುವ ಹಕ್ಕಿಗಾಗಿ ಕೆಲಸ ಬಿಟ್ಟು ಹೊರನಡೆದರು. ಊರಲ್ಲಿ ಲೂಟಿ ನಡೆಯಿತು. ಮುಷ್ಕರ ಹೂಡಿದವರನ್ನೆಲ್ಲ ಕೆಲಸದಿಂದ ತೆಗೆದರು. ಅವರ ವಿರುದ್ಧ ಗಟ್ಟಿಯಾಗಿ ನಿಂತ ಗವರ್ನರ್ ಕ್ಯಾಲ್ವಿನ್ ಕೂಲಿಜ್ ಮುಂದೆ 1923ರಲ್ಲಿ ಅಧ್ಯಕ್ಷರೇ ಆದರು. ಆ ಪೆಟ್ಟಿನಿಂದ ಅಲ್ಲಿನ ಪೊಲೀಸ್ ಯೂನಿಯನ್‌ಗಳು ಚೇತರಿಸಿಕೊಳ್ಳಲು ದಶಕಗಳೇ ಬೇಕಾದವು. ನ್ಯೂಯಾರ್ಕ್ ರಾಜ್ಯದ 1967ರ ಕಾನೂನಿನ ಪ್ರಕಾರ ಸರ್ಕಾರಿ ನೌಕರ ಒಂದು ದಿನ ಮುಷ್ಕರ ಮಾಡಿದರೆ ಎರಡು ದಿನದ ಸಂಬಳ ಹೋಗುತ್ತದೆ.

ಮುಷ್ಕರ ಇಲ್ಲ ಅಂದ ಮೇಲೆ ಯೂನಿಯನ್ನಿನ ಕೈಯಲ್ಲಿ ಏನುಳಿಯಿತು? ಇಲ್ಲಿ ಪಂಚಾಯಿತಿ ಬರುತ್ತದೆ. ಎರಡೂ ಕಡೆ ಒಪ್ಪದಿದ್ದರೆ ಹೊರಗಿನ ಮಧ್ಯಸ್ಥರು ಲೆಕ್ಕಪತ್ರ ನೋಡಿ ತೀರ್ಮಾನ ಕೊಡುತ್ತಾರೆ. ಪಕ್ಕದ ಊರುಗಳಲ್ಲಿ ಪೊಲೀಸರಿಗೆ ಎಷ್ಟಿದೆ, ಈ ಊರಿನ ಬೊಕ್ಕಸಕ್ಕೆ ಎಷ್ಟು ತಾಳುತ್ತದೆ, ಬೆಲೆ ಎಷ್ಟು ಏರಿದೆ, ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ಎಷ್ಟೋ ರಾಜ್ಯಗಳಲ್ಲಿ ಆ ತೀರ್ಮಾನವನ್ನು ಇಬ್ಬರೂ ಪಾಲಿಸಲೇಬೇಕು.

ಒಂದೇ ಕರಡು, ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ

ಕರಡು ಸದಸ್ಯರ ಮುಂದೆ ಬಂದಾಗ ಜಗಳ ಯಾಕೆ ಆಗುತ್ತದೆ? ಸಂಬಳ ಏರುತ್ತದೆ ಅಂದರೆ ಎಲ್ಲರೂ ಖುಷಿಯಾಗಬೇಕಲ್ವಾ? ಲೆಕ್ಕ ಬಿಡಿಸಿ ನೋಡಿದರೆ ಅರ್ಥವಾಗುತ್ತದೆ.

ಸುಲಭವಾಗಲಿ ಅಂತ ಮೂಲ ವೇತನ 20,000 ರೂಪಾಯಿ ಅಂದುಕೊಳ್ಳೋಣ. ಕರಾರಿನ ಅವಧಿ ನಾಲ್ಕು ವರ್ಷ. ಮೊದಲ ಕರಡು ಹೀಗಿದೆ: ಮೊದಲ ದಿನದಿಂದಲೇ ಶೇ 15 ಏರಿಕೆ, ಆಮೇಲೆ ನಾಲ್ಕು ವರ್ಷ ಏನೂ ಇಲ್ಲ. ಎರಡನೇ ಕರಡು: ಪ್ರತಿ ವರ್ಷ ಶೇ 4.

ಮೊದಲನೆಯದರಲ್ಲಿ ತಿಂಗಳಿಗೆ 3,000 ಜಾಸ್ತಿ. 48 ತಿಂಗಳಿಗೆ 1,44,000 ರೂಪಾಯಿ. ಎರಡನೆಯದರಲ್ಲಿ ಮೊದಲ ವರ್ಷ ತಿಂಗಳಿಗೆ 800 ಜಾಸ್ತಿ, ಎರಡನೇ ವರ್ಷ 1,632, ಮೂರನೇ ವರ್ಷ 2,497, ನಾಲ್ಕನೇ ವರ್ಷ 3,397. ಎಲ್ಲ ಕೂಡಿಸಿದರೆ ನಾಲ್ಕು ವರ್ಷಕ್ಕೆ ಸುಮಾರು ಒಂದು ಲಕ್ಷ. ಕೈಗೆ ಬರುವ ದುಡ್ಡು ನೋಡಿದರೆ ಮೊದಲ ಕರಡೇ ಚೆನ್ನ. ಆದರೆ ನಾಲ್ಕು ವರ್ಷ ಮುಗಿದಾಗ ಮೂಲ ವೇತನ ಎಲ್ಲಿಗೆ ಬಂದಿರುತ್ತದೆ? ಮೊದಲನೆಯದರಲ್ಲಿ 23,000. ಎರಡನೆಯದರಲ್ಲಿ 23,397. ಮುಂದಿನ ಕರಾರು ಶುರುವಾಗುವುದು ಅಲ್ಲಿಂದ. ಇನ್ನೂ 25 ವರ್ಷ ಸರ್ವಿಸ್ ಇರುವ ಹುಡುಗನಿಗೆ ಆ 397 ರೂಪಾಯಿ ಸಣ್ಣದಲ್ಲ. ಅದರ ಮೇಲೆ ಮುಂದಿನ ಪ್ರತಿ ಏರಿಕೆಯೂ ಕೂತುಕೊಳ್ಳುತ್ತದೆ.

ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುವವರ ಲೆಕ್ಕವೇ ಬೇರೆ. ಪಿಂಚಣಿ ಕೊನೆಯ ಸಂಬಳದ ಮೇಲೆ ನಿಲ್ಲುವಂತಿದ್ದರೆ ಅವರಿಗೆ 23,000 ಬೇಕು, 21,632 ಯಾಕೆ ಬೇಕು? ಹೀಗೆ ಒಂದೇ ಬೆಂಚಿನ ಮೇಲೆ ಕೂತ ಇಬ್ಬರು, ಇಬ್ಬರೂ ಲೆಕ್ಕ ಸರಿಯಾಗಿ ಮಾಡಿಯೇ ಒಬ್ಬರಿಗೊಬ್ಬರು ವಿರುದ್ಧ ಮತ ಹಾಕುತ್ತಾರೆ.

ಇದಲ್ಲದೆ ಕರಾರು ಯಾವ ತಾರೀಖಿನಿಂದ ಜಾರಿ ಅನ್ನುವ ಪ್ರಶ್ನೆ ಇದೆ. ನ್ಯೂಯಾರ್ಕ್ ನಗರದ ಪೊಲೀಸರ ಯೂನಿಯನ್ 2023ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡ ಕರಾರು ಎಂಟು ವರ್ಷದ್ದು. ಅದು ಶುರುವಾಗಿದ್ದು 2017ರಿಂದ. ಅಂದರೆ ಸಹಿ ಬೀಳುವಾಗ ಹೆಚ್ಚಿನ ಅವಧಿ ಮುಗಿದೇ ಹೋಗಿತ್ತು. ಹಳೆ ಬಾಕಿ ಸೇರಿ ನಗರಕ್ಕೆ ತಗಲುವ ಖರ್ಚು ಸುಮಾರು 550 ಕೋಟಿ ಡಾಲರ್ ಅಂತ ಲೆಕ್ಕ ಹಾಕಿದ್ದರು.

ಗೋಕುಲ ರಸ್ತೆಯ 38 ತಿಂಗಳು

ಹಿಂಬಾಕಿ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಬಸ್ಸಿನವರ ಹೋರಾಟ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ 1997ರಲ್ಲಿ ಹುಟ್ಟಿತು. ಅದರ ಕೇಂದ್ರ ಕಚೇರಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದೆ. ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ಉತ್ತರ ಕನ್ನಡದ ಡಿಪೊಗಳೆಲ್ಲ ಅದರ ಕೆಳಗೆ. ಸಾರಿಗೆ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ ಆಗುವುದು ವಾಡಿಕೆ. 2020ರ ಜನವರಿ 1ಕ್ಕೆ ಆಗಬೇಕಾಗಿದ್ದು ಆಗಲಿಲ್ಲ. ಕೋವಿಡ್ ಬಂತು. ಕೊನೆಗೆ ಶೇ 15ರ ಏರಿಕೆ ಜಾರಿಯಾಗಿದ್ದು 2023ರ ಮಾರ್ಚ್ 1ರಿಂದ. ನಡುವಿನ 38 ತಿಂಗಳು ಹಾಗೇ ಉಳಿದವು.

ಮೇಲಿನ ಲೆಕ್ಕವನ್ನೇ ಇಲ್ಲಿಗೆ ತನ್ನಿ. 20,000 ಮೂಲ ವೇತನದ ಕಂಡಕ್ಟರ್‌ಗೆ ತಿಂಗಳಿಗೆ 3,000 ಅಂದರೆ 38 ತಿಂಗಳಿಗೆ 1,14,000 ರೂಪಾಯಿ. ಮೂಲ ವೇತನದ ಮೇಲೆ ಮಾತ್ರ ಇಷ್ಟು. ಕಾಗದದ ಮೇಲೆ ಶೇ 15 ಅನ್ನುವುದು ಬದಲಾಗಲೇ ಇಲ್ಲ. ಆದರೆ ನಾಲ್ಕು ವರ್ಷದಲ್ಲಿ ಸಿಗಬೇಕಾಗಿದ್ದ 1,44,000ದಲ್ಲಿ ಕೈಗೆ ಬಂದದ್ದು 30,000. ಒಪ್ಪಂದದಲ್ಲಿ ಶೇಕಡಾವಾರಿಗಿಂತ ತಾರೀಖು ಮುಖ್ಯ ಅಂತ ಡಿಪೊದಲ್ಲಿ ಹಿರಿಯರು ಸುಮ್ನೆ ಹೇಳುವುದಿಲ್ಲ. 2025ರ ಆಗಸ್ಟ್ 5ರಂದು ರಾಜ್ಯದಲ್ಲಿ ಬಸ್ ನಿಂತಾಗ ಮುಖ್ಯ ಬೇಡಿಕೆಗಳೇ ಈ 38 ತಿಂಗಳ ಹಿಂಬಾಕಿ ಮತ್ತು 2024ರ ಜನವರಿಯಿಂದ ಹೊಸ ಪರಿಷ್ಕರಣೆ. ಹೈಕೋರ್ಟ್ ಮಧ್ಯೆ ಬಂದ ಮೇಲೆ ಅದೇ ದಿನ ಮುಷ್ಕರ ನಿಂತಿತು.

2021ರ ಏಪ್ರಿಲ್ ಮುಷ್ಕರದ ಹೊತ್ತಿಗೆ ನೌಕರರ ನಡುವೆಯೇ ಒಂದು ದೊಡ್ಡ ಚರ್ಚೆ ಇತ್ತು. ಒಂದು ಬಣ ಆರನೇ ವೇತನ ಆಯೋಗದ ಪ್ರಕಾರ ಸರ್ಕಾರಿ ನೌಕರರ ಸರಿಸಮ ಸಂಬಳ ಬೇಕು ಅಂದಿತು. ಇನ್ನೊಂದು ಬಣ ನಾಲ್ಕು ವರ್ಷಕ್ಕೊಮ್ಮೆ ಕೂತು ಮಾತಾಡುವ ಹಕ್ಕನ್ನು ಬಿಟ್ಟುಕೊಡಬಾರದು ಅಂದಿತು. ಆಯೋಗ ಬಂದರೆ ದುಡ್ಡು ಜಾಸ್ತಿ ಸಿಗಬಹುದು, ಆದರೆ ಎಷ್ಟು, ಯಾವಾಗ ಅನ್ನುವುದು ಸರ್ಕಾರದ ಕೈಯಲ್ಲಿ. ಒಪ್ಪಂದ ಇದ್ದರೆ ದುಡ್ಡು ಕಡಿಮೆಯಾಗಬಹುದು, ಆದರೆ ಮೇಜಿನ ಈಚೆ ಬದಿಯಲ್ಲಿ ನಿಮ್ಮದೊಂದು ಕುರ್ಚಿ ಇರುತ್ತದೆ. ನ್ಯಾಯವಾದ ಚರ್ಚೆ ಅದು. ಆ ಮುಷ್ಕರದಲ್ಲಿ ವಜಾ, ವರ್ಗಾವಣೆ ಅಂತ ಬಹಳ ಮಂದಿ ಪೆಟ್ಟು ತಿಂದರು. ಆದರೂ ಚರ್ಚೆ ಬಹಿರಂಗವಾಗಿ, ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ, ಗೇಟ್ ಮೀಟಿಂಗಿನಲ್ಲಿ ನಡೆಯಿತು ಅನ್ನುವುದನ್ನು ಮರೆಯಬಾರದು.

ಪೊಲೀಸರ ಸಂಬಳ ನಿರ್ಧಾರವಾಗುವುದು ಆ ಮೊದಲನೇ ದಾರಿಯಲ್ಲಿ, ಆಯೋಗದ ಮೂಲಕ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಅದಕ್ಕೂ ಮೊದಲು 2023ರ ಮಾರ್ಚ್ 1ರಂದು ಸರ್ಕಾರಿ ನೌಕರರ ಸಂಘ ಮುಷ್ಕರಕ್ಕೆ ಕರೆ ಕೊಟ್ಟು ಶೇ 17ರ ಮಧ್ಯಂತರ ಪರಿಹಾರ ಪಡೆದಿತ್ತು. ಇದೆಲ್ಲದರ ಲಾಭ ಪೊಲೀಸರಿಗೂ ಸಿಕ್ಕಿದೆ, ನಿಜ. ಆದರೆ ಕೇಳಿದವರು ಬೇರೆಯವರು. ಗುಮಾಸ್ತರಿಗೂ ಶಿಕ್ಷಕರಿಗೂ ಇಲ್ಲದ, ಪೊಲೀಸರಿಗೆ ಮಾತ್ರ ಇರುವ ತೊಂದರೆಗಳನ್ನು ಬೇರೆಯವರು ಯಾಕೆ ಕೇಳುತ್ತಾರೆ?

ಆ ತೊಂದರೆಗಳು ಏನು ಅಂತ ತಿಳಿಯಲು ನಮ್ಮ ಓಣಿಯ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಒಬ್ಬರನ್ನು ಕೇಳಿದೆ. ‘ಕಾಕಾ, ನಿಮ್ಗೂ ಹಿಂಗ ಮತ ಹಾಕೋ ಅವಕಾಶ ಇದ್ದಿದ್ರ ಏನ್ ಕೇಳ್ತಿದ್ರಿ?’ ಪಗಾರ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಡ್ಯೂಟಿ ಯಾವಾಗ ಮುಗಿತೈತಿ ಅಂತ ಗೊತ್ತಿದ್ರ ಸಾಕಿತ್ತಪಾ. ಮನ್ಯಾಗ ಹೇಳಾಕರ ಬರ್ತಿತ್ತು’ ಅಂದರು. ಹುಬ್ಬಳ್ಳಿಯ ಹನ್ನೊಂದನೇ ದಿನದ ಗಣಪತಿ ಬಂದೋಬಸ್ತಿಗೆ ಹೊರಗಿನ ಜಿಲ್ಲೆಗಳಿಂದಲೂ ಪೊಲೀಸರನ್ನು ಕರೆಸುತ್ತಾರೆ. ಮೆರವಣಿಗೆ ಮುಗಿಯುವ ಹೊತ್ತು ಯಾರಿಗೂ ಗೊತ್ತಿರುವುದಿಲ್ಲ. ರಾತ್ರಿಯೆಲ್ಲ ನಿಂತು, ಬೆಳಿಗ್ಗೆ ಕಲ್ಯಾಣ ಮಂಟಪದ ನೆಲದ ಮೇಲೆ ಎರಡು ತಾಸು ಅಡ್ಡಾಗಿ, ಬೂಟು ಬಿಚ್ಚದೆ ಮತ್ತೆ ಎದ್ದುಹೋದ ದಿನಗಳನ್ನು ಅವರು ಹೇಳಿದರು. ಮಹಿಳಾ ಸಿಬ್ಬಂದಿಗೆ ಶೌಚಾಲಯ ಎಲ್ಲಿ ಅನ್ನುವುದನ್ನೂ ಯಾರೂ ಮೊದಲೇ ಯೋಚಿಸುತ್ತಿರಲಿಲ್ಲವಂತೆ. ಈ ವಿಷಯ ವೇತನ ಆಯೋಗದ ವರದಿಗೆ ಹೋಗುವ ದಾರಿಯೇ ಇಲ್ಲ.

ಕಾನೂನು ಬೇಡ ಅನ್ನುವುದು ಎಲ್ಲಿ

ಸಂವಿಧಾನದ 19(1)(ಸಿ) ವಿಧಿ ಎಲ್ಲ ನಾಗರಿಕರಿಗೂ ಸಂಘ ಕಟ್ಟುವ ಹಕ್ಕು ಕೊಡುತ್ತದೆ. ಆದರೆ 33ನೇ ವಿಧಿ ಸೈನ್ಯ ಮತ್ತು ಪೊಲೀಸರ ವಿಷಯದಲ್ಲಿ ಆ ಹಕ್ಕನ್ನು ಕಡಿಮೆ ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ. ಅದನ್ನು ಬಳಸಿ 1966ರಲ್ಲಿ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ ಬಂತು. ಅನುಮತಿ ಇಲ್ಲದೆ ಕಾರ್ಮಿಕ ಸಂಘದ ಅಥವಾ ರಾಜಕೀಯ ಸಂಘದ ಸದಸ್ಯರಾಗುವಂತಿಲ್ಲ. ಮೀರಿದರೆ ಎರಡು ವರ್ಷದವರೆಗೆ ಜೈಲು, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾರ್ಮಿಕ ಕಾನೂನಿನ ಬಾಗಿಲೂ ಮುಚ್ಚಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆ ಪೊಲೀಸ್ ಸೇವೆಯಲ್ಲಿ ಇರುವವರನ್ನು ಕೆಲಸಗಾರ ಅನ್ನುವ ಪಟ್ಟಿಯಿಂದಲೇ ಹೊರಗಿಟ್ಟಿತ್ತು. ಅದರ ಜಾಗಕ್ಕೆ 2025ರ ನವೆಂಬರ್ 21ರಿಂದ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಹಾಗೇ ಮಾಡಿದೆ.

ಸಾಮಾಜಿಕ, ಮನರಂಜನೆ ಅಥವಾ ಧಾರ್ಮಿಕ ಸಂಘಕ್ಕೆ 1966ರ ಕಾಯ್ದೆಯಲ್ಲಿ ಅಡ್ಡಿಯಿಲ್ಲ. ಪೊಲೀಸರ ಪತ್ತಿನ ಸಹಕಾರಿ ಸಂಘಗಳೂ ನಡೆಯುತ್ತಿವೆ. ದೇಶದ ಸಹಕಾರ ಚಳವಳಿಗೆ ದಾರಿ ಹಾಕಿದ ಕಣಗಿನಹಾಳ ಗದಗದ ಪಕ್ಕದಲ್ಲೇ ಇದೆ, 1905ರಲ್ಲಿ ಅಲ್ಲಿ ಸಂಘ ಶುರುವಾಯಿತು. ಸಾಲ ಕೊಡುವ ಸಂಘದಲ್ಲಿ ಕಾನ್‌ಸ್ಟೆಬಲ್ ಮತ ಹಾಕಬಹುದು, ನಿರ್ದೇಶಕ ಆಗಬಹುದು. ಆದರೆ ಆ ಸಾಲ ಯಾಕೆ ಬೇಕಾಯಿತು ಅಂತ ಮಾತಾಡುವ ಸಂಘ ಕಟ್ಟುವಂತಿಲ್ಲ.

ಇಷ್ಟು ಬಿಗಿ ಯಾಕೆ? ಸರ್ಕಾರಗಳ ಭಯಕ್ಕೆ ಕಾರಣ ಇಲ್ಲದಿಲ್ಲ. 1973ರಲ್ಲಿ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸರು ದಂಗೆ ಎದ್ದಾಗ ಸೈನ್ಯ ಕರೆಸಬೇಕಾಯಿತು, ಮುಖ್ಯಮಂತ್ರಿಯ ಕುರ್ಚಿ ಹೋಯಿತು. 1979ರಲ್ಲಿ ಪಂಜಾಬಿನಿಂದ ಶುರುವಾದ ಪೊಲೀಸರ ಚಳವಳಿ ಹಲವು ರಾಜ್ಯಗಳಿಗೆ ಹಬ್ಬಿತು. 1982ರ ಆಗಸ್ಟ್‌ನಲ್ಲಿ ಮುಂಬೈ ಪೊಲೀಸರು ಮುಷ್ಕರ ಹೂಡಿದಾಗಲೂ ಸೈನ್ಯ ಬಂತು. ದೆಹಲಿ ಪೊಲೀಸರ ಸಂಘವೊಂದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1986ರಲ್ಲಿ ಸೋತಿತು. ಸಂಘದ ಹಕ್ಕಿಗೆ ಮಿತಿ ಹಾಕುವುದು ಸರಿ ಅಂತ ಕೋರ್ಟ್ ಹೇಳಿತು.

ಈಗ ಪೊಲೀಸರಿಗೆ ಉಳಿದಿರುವ ದಾರಿ ಅಂದರೆ ಮೇಲಧಿಕಾರಿ ಮೂಲಕ ಅರ್ಜಿ, ಇಲ್ಲವೇ ಆಡಳಿತ ನ್ಯಾಯಮಂಡಳಿ. ಬೆಳಗಾವಿಯಲ್ಲಿ ಅದರ ಪೀಠ ಇದೆ, ಧಾರವಾಡದಲ್ಲಿ ಹೈಕೋರ್ಟ್ ಪೀಠ ಇದೆ. ಅಲ್ಲಿಗೆ ಹೋಗುವವರು ಹೆಚ್ಚಾಗಿ ಒಬ್ಬೊಬ್ಬರೇ ಹೋಗುತ್ತಾರೆ. ಒಬ್ಬರ ಬಡ್ತಿ, ಒಬ್ಬರ ವರ್ಗಾವಣೆ. ಎಲ್ಲರ ವಾರದ ರಜೆಯ ಪ್ರಶ್ನೆಯನ್ನು ಒಬ್ಬ ಕಾನ್‌ಸ್ಟೆಬಲ್ ತನ್ನ ಹೆಸರಲ್ಲಿ, ತನ್ನ ಖರ್ಚಲ್ಲಿ, ತನ್ನ ಸಾಹೇಬರ ಎದುರು ಎತ್ತುವುದು ಸಣ್ಣ ಮಾತಲ್ಲ.

2016ರ ಎರಡು ತಿಂಗಳು

2016ರ ಜೂನ್ 4ಕ್ಕೆ ಕರ್ನಾಟಕದ ಪೊಲೀಸರು ಸಾಮೂಹಿಕ ರಜೆ ಹಾಕುತ್ತಾರೆ ಅನ್ನುವ ಸುದ್ದಿ ರಾಜ್ಯವನ್ನೇ ಅಲ್ಲಾಡಿಸಿತ್ತು. ಸಂಬಳ, ವಾರದ ರಜೆ, ಅಧಿಕಾರಿಗಳ ಮನೆಯ ಆರ್ಡರ್ಲಿ ಕೆಲಸ, ಎಲ್ಲ ಸಿಟ್ಟೂ ಒಟ್ಟಿಗೆ ಹೊರಬಂತು. ಅಮೆರಿಕದಲ್ಲೂ ಇಂಥದ್ದು ನಡೆದಿದೆ. ಮುಷ್ಕರ ನಿಷಿದ್ಧ ಆದ್ದರಿಂದ 1967ರಲ್ಲಿ ಡೆಟ್ರಾಯಿಟ್‌ನ ಪೊಲೀಸರು ಸಾಲುಸಾಲಾಗಿ ಹುಷಾರಿಲ್ಲ ಅಂತ ರಜೆ ಹಾಕಿದ್ದರು. ಮಾತಾಡುವ ಜಾಗ ಮುಚ್ಚಿದಾಗ ರಜೆ ಅರ್ಜಿಯೇ ಬೇಡಿಕೆ ಪತ್ರ ಆಗುತ್ತದೆ.

ಸರ್ಕಾರ ಕಠಿಣವಾಗಿ ನಡೆದುಕೊಂಡಿತು. ಕರೆ ಕೊಟ್ಟ ಸಂಘಟನೆಯ ಅಧ್ಯಕ್ಷರನ್ನು ಬಂಧಿಸಿ ದೇಶದ್ರೋಹದ ಕೇಸು ಹಾಕಿತು. ಸಾಮೂಹಿಕ ರಜೆ ನಡೆಯಲಿಲ್ಲ. ಆದರೆ ಅದೇ ವರ್ಷ ಹಿರಿಯ ಪೊಲೀಸ್ ಅಧಿಕಾರಿ ರಾಘವೇಂದ್ರ ಔರಾದಕರ್ ಅವರ ಸಮಿತಿ ವೇತನದ ಬಗ್ಗೆ ವರದಿ ಕೊಟ್ಟಿತು. 2019ರಲ್ಲಿ ಅದರ ಆಧಾರದ ಮೇಲೆ ಕಾನ್‌ಸ್ಟೆಬಲ್‌ಗಳ ವೇತನ ಶ್ರೇಣಿ 23,500–47,650ಕ್ಕೆ ಏರಿತು. ಬೇಡಿಕೆಯಲ್ಲಿ ಹುರುಳಿತ್ತು ಅಂತ ಸರ್ಕಾರವೇ ಒಪ್ಪಿದಂತಾಯಿತು, ಮೂರು ವರ್ಷ ತಡವಾಗಿ. ಮೊದಲೇ ಒಂದು ಮೇಜು ಇದ್ದಿದ್ದರೆ ಜೈಲಿನ ಹಾದಿ ಯಾರೂ ತುಳಿಯಬೇಕಿರಲಿಲ್ಲ.

ಇದು ಕಥೆಯ ಒಂದು ಭಾಗ. ಇನ್ನೊಂದು ಭಾಗ ನಡೆದದ್ದು ನಮ್ಮ ಧಾರವಾಡ ಜಿಲ್ಲೆಯಲ್ಲೇ, ಎರಡು ತಿಂಗಳೊಳಗೆ. 2016ರ ಜುಲೈ ಕೊನೆಯಲ್ಲಿ ಮಹದಾಯಿ ನದಿ ನೀರಿನ ನ್ಯಾಯಮಂಡಳಿಯ ಮಧ್ಯಂತರ ಆದೇಶ ಕರ್ನಾಟಕದ ವಿರುದ್ಧ ಬಂದು ನವಲಗುಂದದ ಕಡೆ ಜನ ರೊಚ್ಚಿಗೆದ್ದರು. ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಮುದುಕರು, ಹೆಂಗಸರು ಅನ್ನದೆ ಲಾಠಿ ಬೀಸಿದ ದೃಶ್ಯಗಳನ್ನು ನಾಡೆಲ್ಲ ನೋಡಿತು. ಈ ಭಾಗಕ್ಕೆ ಇಂಥ ನೋವು ಹೊಸದಲ್ಲ. 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ಆಗಿ ರೈತ ಸತ್ತ, ಸಿಟ್ಟಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗುಂಡು ಹಾರಿತು.

ಹಾಗಾಗಿ ಪೊಲೀಸರ ಯೂನಿಯನ್ ಅಂದಾಗ ನರಗುಂದ, ಹಾವೇರಿಯ ಓದುಗರು ಕೇಳುವ ಪ್ರಶ್ನೆ ನ್ಯಾಯವಾದದ್ದು: ಯಮನೂರಿನಂಥದ್ದು ನಡೆದಾಗ ಯೂನಿಯನ್ ಯಾರ ಕಡೆ ನಿಲ್ಲುತ್ತದೆ?

ಅಮೆರಿಕದ ಉತ್ತರ ಅಷ್ಟು ಸಮಾಧಾನ ತರುವಂಥದ್ದಲ್ಲ. ಅಲ್ಲಿನ ಬಹಳಷ್ಟು ಕರಾರುಗಳಲ್ಲಿ ಸಂಬಳದ ಪುಟಗಳ ಜೊತೆ ಶಿಸ್ತುಕ್ರಮದ ಪುಟಗಳೂ ಸೇರಿಕೊಂಡಿವೆ. ದೂರು ಬಂದ ಪೊಲೀಸರನ್ನು ಎಷ್ಟು ಗಂಟೆ ಬಿಟ್ಟು ವಿಚಾರಣೆ ಮಾಡಬೇಕು, ಹಳೆ ದೂರುಗಳ ಕಡತ ಎಷ್ಟು ವರ್ಷ ಇಡಬೇಕು, ಅದನ್ನು ಯಾರು ನೋಡಬಹುದು, ಇದೆಲ್ಲ ಚೌಕಾಸಿಯ ವಸ್ತು ಆಯಿತು. ಖಜಾನೆಯಲ್ಲಿ ದುಡ್ಡಿಲ್ಲದಾಗ ನಗರಾಡಳಿತಗಳು ಸಂಬಳದ ಬದಲು ಇಂಥ ರಿಯಾಯಿತಿ ಕೊಟ್ಟವು. ಆಗ ಅದು ಪುಕ್ಕಟೆ ಅನ್ನಿಸಿತು. ಬೆಲೆ ಕೊಟ್ಟವರು ಊರಿನ ಜನ.

ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದ ಉದಾಹರಣೆ ನೋಡಿ. ಆಗ ಅಲ್ಲಿ ಘಟನೆ ನಡೆದು 180 ದಿನ ಮೀರಿದರೆ ಪೊಲೀಸರ ಮೇಲೆ ಶಿಸ್ತುಕ್ರಮ ತೆಗೆದುಕೊಳ್ಳುವುದು ಕಷ್ಟವಾಗಿತ್ತು. 2015ರಲ್ಲಿ ಶಾಲಾ ಶಿಕ್ಷಕಿಯೊಬ್ಬರನ್ನು ಕಾರಿನಿಂದ ಎಳೆದು ನೆಲಕ್ಕೆ ಕೆಡವಿದ ವಿಡಿಯೊ ಹೊರಬಂದದ್ದು 2016ರಲ್ಲಿ. ಅಷ್ಟರಲ್ಲಿ ಆ ಅವಧಿ ದಾಟಿಹೋಗಿತ್ತು. ಮರುವರ್ಷ, 2017ರ ಡಿಸೆಂಬರ್‌ನಲ್ಲಿ, ಎರಡೂ ಕಡೆಯ ಮಾತುಕತೆ ತಂಡಗಳು ಒಪ್ಪಿದ್ದ ಹೊಸ ಕರಾರು ನಗರ ಸಭೆಯ ಮುಂದೆ ಬಂದಾಗ ಊರಿನ ಜನ ಸಾಲಾಗಿ ನಿಂತು ವಿರೋಧಿಸಿದರು. ಸಭೆ ಅದನ್ನು ಒಮ್ಮತದಿಂದ ತಿರಸ್ಕರಿಸಿತು. ದುಡ್ಡು ಜಾಸ್ತಿಯಾಯಿತು, ಉಸ್ತುವಾರಿ ಕಡಿಮೆಯಾಯಿತು ಅನ್ನುವುದು ಜನರ ದೂರು. ಮುಂದೆಯೂ ಹಗ್ಗಜಗ್ಗಾಟ ನಡೆದೇ ಇತ್ತು. 2024ರ ಅಕ್ಟೋಬರ್‌ನಲ್ಲಿ ಸುಮಾರು 21.8 ಕೋಟಿ ಡಾಲರ್ ವೆಚ್ಚದ ಐದು ವರ್ಷದ ಕರಾರು ಪಾಸಾಯಿತು. ಆಗಲೂ ಜನರ ದೊಡ್ಡ ಪ್ರಶ್ನೆ ಪೊಲೀಸರ ಮೇಲಿನ ದೂರುಗಳ ಗುಪ್ತ ಕಡತಗಳ ಬಗ್ಗೆಯೇ ಇತ್ತು.

ಯೂನಿಯನ್ನಿನ ಒಳಗೂ ಈ ಚರ್ಚೆ ಇರುತ್ತದೆ. ನಾಲ್ಕು ಮಂದಿ ಕೆಟ್ಟ ಪೊಲೀಸರನ್ನು ಉಳಿಸಲು ನಮ್ಮೆಲ್ಲರ ಏರಿಕೆಯಲ್ಲಿ ಯಾಕೆ ಬಿಟ್ಟುಕೊಡಬೇಕು ಅಂತ ಕೇಳುವವರಿದ್ದಾರೆ. ಸುಳ್ಳು ದೂರು ಬಂದಾಗ ನಮ್ಮನ್ನು ಯಾರು ಕಾಯುತ್ತಾರೆ ಅಂತ ಕೇಳುವವರೂ ಇದ್ದಾರೆ. ಎರಡನೆಯವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಮೇಲಿನವರ ಆದೇಶದಂತೆ ಲಾಠಿ ಎತ್ತಿದ ಕಾನ್‌ಸ್ಟೆಬಲ್ ಅಮಾನತಾಗಿ, ಆದೇಶ ಕೊಟ್ಟವರು ಹಾಗೇ ಉಳಿಯುವುದನ್ನು ನಾವೂ ನೋಡಿದ್ದೇವೆ. ಆದರೆ ಅದಕ್ಕೆ ಬೇಕಾಗಿರುವುದು ನ್ಯಾಯವಾದ ವಿಚಾರಣೆಯ ನಿಯಮ. ಆ ನಿಯಮ ಶಾಸನಸಭೆಯಲ್ಲಿ ಎಲ್ಲರ ಮುಂದೆ ಆಗಬೇಕು, ಸಂಬಳದ ಮಾತುಕತೆಯ ಕೋಣೆಯಲ್ಲಿ ಅಲ್ಲ. ಪೊಲೀಸ್ ಸುಧಾರಣೆಯ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ ಕರ್ನಾಟಕದಲ್ಲಿ ಪೊಲೀಸ್ ದೂರು ಪ್ರಾಧಿಕಾರ ಬಂದಿದೆ. ದೂರುಗಳ ಜಾಗ ಅದು. ಅದನ್ನು ಗಟ್ಟಿ ಮಾಡುವುದೂ, ಪೊಲೀಸರಿಗೆ ಮಾತಾಡುವ ವೇದಿಕೆ ಕೊಡುವುದೂ ಒಟ್ಟಿಗೆ ಆಗಬೇಕಾದ ಕೆಲಸ.

ನಡುವಿನ ದಾರಿ

ಇಂಗ್ಲೆಂಡ್ 1918 ಮತ್ತು 1919ರಲ್ಲಿ ಎರಡು ಪೊಲೀಸ್ ಮುಷ್ಕರ ಕಂಡಿತು. ಆಮೇಲೆ ಕಾನೂನು ತಂದು ಯೂನಿಯನ್ ನಿಷೇಧಿಸಿತು, ಅದೇ ಕಾನೂನಿನಲ್ಲಿ ಪೊಲೀಸ್ ಫೆಡರೇಷನ್ ಅನ್ನುವ ಸಂಸ್ಥೆಯನ್ನೂ ಹುಟ್ಟಿಸಿತು. ಅದು ಮುಷ್ಕರ ಮಾಡುವಂತಿಲ್ಲ. ಆದರೆ ಕೆಳಹಂತದ ಪೊಲೀಸರ ಪರವಾಗಿ ಮಾತಾಡುವ ಅಧಿಕಾರ ಅದಕ್ಕಿದೆ. ಸಂಬಳದ ಶಿಫಾರಸು ಮಾಡಲು 2014ರಿಂದ ಅಲ್ಲಿ ಬೇರೆಯದೇ ಒಂದು ಸ್ವತಂತ್ರ ಮಂಡಳಿ ಇದೆ, ಫೆಡರೇಷನ್ ತನ್ನ ವಾದವನ್ನು ಅದರ ಮುಂದೆ ಇಡಬಹುದು.

ಅಷ್ಟು ದೂರ ಹೋಗುವುದೂ ಬೇಡ. ಕೇರಳದಲ್ಲಿ ದಶಕಗಳಿಂದ ಪೊಲೀಸ್ ಅಸೋಸಿಯೇಷನ್ ಇದೆ. ಕಾನ್‌ಸ್ಟೆಬಲ್‌ಗಳೇ ಚುನಾವಣೆಯಲ್ಲಿ ಪದಾಧಿಕಾರಿಗಳನ್ನು ಆರಿಸುತ್ತಾರೆ. ಸಮ್ಮೇಳನ ನಡೆಯುತ್ತದೆ, ನಿರ್ಣಯ ಆಗುತ್ತದೆ, ಮಂತ್ರಿಗಳು ಬಂದು ಕೇಳುತ್ತಾರೆ. ರಾಜಕೀಯ ಪಕ್ಷಗಳ ನೆರಳು ಬೀಳುತ್ತದೆ ಅನ್ನುವ ಟೀಕೆ ಅಲ್ಲಿ ಇದೆ, ಅದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಆದರೆ ಸಂಘ ಇದೆ ಅನ್ನುವ ಕಾರಣಕ್ಕೆ ಕೇರಳದ ಠಾಣೆಗಳಿಗೆ ಬೀಗ ಬಿದ್ದಿಲ್ಲ.

ನಮ್ಮಲ್ಲಿ ಮೊದಲು ಜಿಲ್ಲೆಗೊಂದು ಸಿಬ್ಬಂದಿ ಮಂಡಳಿ ಸಾಕು. ಧಾರವಾಡ ಜಿಲ್ಲೆಗೆ ಒಂದು, ಅವಳಿನಗರದ ಕಮಿಷನರೇಟಿಗೆ ಒಂದು, ಗದಗಕ್ಕೆ ಒಂದು, ಹಾವೇರಿಗೆ ಒಂದು. ಕಾನ್‌ಸ್ಟೆಬಲ್‌ನಿಂದ ಎಎಸ್‌ಐವರೆಗಿನವರು ಗುಪ್ತ ಮತದಾನದಲ್ಲಿ ಪ್ರತಿನಿಧಿಗಳನ್ನು ಆರಿಸಲಿ. ಅದರಲ್ಲಿ ಮಹಿಳಾ ಸಿಬ್ಬಂದಿ ಇರಲೇಬೇಕು. ಮುಷ್ಕರ ಇಲ್ಲ, ಪಕ್ಷ ಇಲ್ಲ, ಶಿಸ್ತುಕ್ರಮದ ಮಾತಿಲ್ಲ. ಬಂದೋಬಸ್ತಿಗೆ ಗಂಟೆಯ ಮಿತಿ, ವಾರದ ರಜೆ ತಪ್ಪಿದರೆ ಅದರ ಬದಲು ಯಾವಾಗ, ಕ್ವಾರ್ಟರ್ಸ್ ರಿಪೇರಿ, ಹೊರ ಜಿಲ್ಲೆಗೆ ಕಳಿಸಿದಾಗ ಮಲಗಲು ಜಾಗ ಮತ್ತು ಶೌಚಾಲಯ, ಭತ್ಯೆಯ ಬಾಕಿ ಯಾವ ತಾರೀಖಿನಿಂದ, ಇವು ಅದರ ಮೊದಲ ಸಭೆಯ ವಿಷಯಗಳಾಗಬಹುದು. ಅಧಿಕಾರಿಗಳು ಕೊಟ್ಟ ಉತ್ತರ ಬರಹದಲ್ಲಿ ಇರಬೇಕು, ಠಾಣೆಯ ನೋಟಿಸ್ ಬೋರ್ಡಿಗೆ ಬರಬೇಕು.

ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ. 1966ರ ಕಾಯ್ದೆಯ 3ನೇ ಕಲಂ ಸಂಘವನ್ನು ಪೂರ್ತಿ ನಿಷೇಧಿಸಿಲ್ಲ, ಅನುಮತಿ ಇಲ್ಲದೆ ಸೇರಬಾರದು ಅಂತ ಮಾತ್ರ ಹೇಳುತ್ತದೆ. ಆ ಅನುಮತಿ ಕೊಡುವ ಅಧಿಕಾರ ಸರ್ಕಾರದ ಬಳಿಯೇ ಇದೆ.